ನಕ್ಷೆ ನೋಡಿ ಲೈಸ್ಯಾಂಡರ್ ಮಾಡೆಲ್ ವಿಮಾನ ಕಟ್ತಿದ್ದೀನಿ, ರೆಕ್ಕೆ ಬಾಡಿ ಜೊತೆ ಕೂಡ್ತಿಲ್ಲ. ಗೊತ್ತಿದ್ದೋರು ನೋಡ್ರಿ

ಗುಡ್ಡದ ಕೆಳಗಿನವ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ್ರೀ. ಕೌಲ್‌ಬಜಾರ್ ಕಡೆ ನಮ್ಮನಿ, ಜೀನ್ಸ್ ಯೂನಿಟ್‌ನಾಗ ಕಟಿಂಗ್ ಮಾಸ್ತರ್ ಕೈಕೆಳಗ ಕೆಲಸ. ನಾಲ್ಕು ವರ್ಷದಿಂದ ಫೋಮ್ ಹಾಳಿ ವಿಮಾನ ಹಾರಿಸ್ಕೊಂತ ಬಂದೀನಿ, ಬಿದ್ರ ಟೇಪ್ ಹಚ್ಚಿ ಮತ್ತ ಹಾರಿಸೋದು. ಈ ಸಲ ಬಾಲ್ಸಾ ಅನ್ನೋ ಹಗುರ ಕಟ್ಟಿಗಿಯಾಗ, ನಕ್ಷೆ ಹಿಡ್ಕೊಂಡು, ಒಂದು ನಿಜವಾದ ಯುದ್ಧವಿಮಾನ ಅಳತೀಗೆ ತಕ್ಕಂಗ ಕಟ್ಬೇಕು ಅಂತ ಕುಂತೀನಿ.

ಎಲ್ಲಾರೂ ಸ್ಪಿಟ್‌ಫೈರ್ ಮಾಡು ಅಂದ್ರು. ಸ್ಪಿಟ್‌ಫೈರ್ ಚೆಂದ ಐತಿ, ಇಲ್ಲ ಅನ್ನಲ್ಲ, ಆದ್ರ ಅದರ ಕಾಲು ಒಂದಕ್ಕೊಂದು ಹತ್ರ, ಮ್ಯಾಲ ಮಡಚಬೇಕು, ನಮ್ಮ ಕಡೆ ಹೊಲದಾಗ ಜ್ವಾಳದ ಕೊಳಿ ಇರ್ತಾವ, ಎರಿ ಭೂಮಿ ಬಿರುಕು ಬಿಟ್ಟಿರ್ತೈತಿ, ಇಳಿಸೋವಾಗ ಮೂಗು ಮುಗ್ಗರಿಸೋದು ಗ್ಯಾರಂಟಿ. ಅದ್ಕ ವೆಸ್ಟ್‌ಲ್ಯಾಂಡ್ ಲೈಸ್ಯಾಂಡರ್ ಹಿಡಿದೆ. ರೆಕ್ಕೆ ತಲಿ ಮ್ಯಾಲ, ಕಾಲು ಮಡಚಂಗಿಲ್ಲ, ಸಣ್ಣ ಜಾಗದಾಗ ಇಳಿಯಾಕಂತಾನೇ ಹುಟ್ಟಿದ ವಿಮಾನ. ನಿಜವಾದದ್ದು ರೆಕ್ಕೆ 50 ಅಡಿ, ಉದ್ದ 30 ಅಡಿ 6 ಇಂಚು. 8ರಲ್ಲಿ 1 ಪಾಲು ಅಂದ್ರ ರೆಕ್ಕೆ 75 ಇಂಚು, 1905 ಮಿ.ಮೀ. ಬಾಡಿ 1162 ಮಿ.ಮೀ. ರೆಕ್ಕೆ ಎರಡು ತುಂಡು ಮಾಡಿದ್ರ ಗಾಡಿ ಹಿಂದ ಒಬ್ಬರು ಕುಂತು ಹಿಡ್ಕೊಂಡು ಹೋಗಬಹುದು ಅನ್ನೋ ಲೆಕ್ಕ.

ನಕ್ಷೆ ಹಳೇದು, ಪೆಟ್ರೋಲ್ ತರದ ಗ್ಲೋ ಇಂಜಿನ್ನಿಗೆ ಬರೆದದ್ದು, ನಾನು ಮೋಟಾರ್ ಹಾಕ್ತೀನಿ. ಮೂರು ತಿಂಗಳ ಕೆಲಸ ಆಗೈತಿ. ಬಾಡಿ ಫ್ರೇಮ್ ಪೂರ್ತಿ, ಎಡರೆಕ್ಕೆ ಪಕ್ಕೆಲುಬು ಎಲ್ಲ ಕೂಡಿಸಿ ಒಣಗಿಸೀನಿ. ನಿನ್ನೆ ರಾತ್ರಿ ರೆಕ್ಕೆ ಜೋಡಿಸೋ ಅಲ್ಯೂಮಿನಿಯಂ ಪೈಪು ತೂರಿಸಾಕ ಹೋದ್ರ ಮುಂದಿನ ತೂತು ಕೂಡ್ತು, ಹಿಂದಿನದ್ದು ಎರಡು ಮೂರು ಮಿ.ಮೀ. ಆಚೆ. ಮರಳು ಕಾಗದದಿಂದ ತೂತು ದೊಡ್ಡದು ಮಾಡ್ಲೇನು ಅನ್ನಿಸ್ತು, ಆದ್ರ ಕೈ ಬರಲಿಲ್ಲ. ಎಲ್ಲಿ ತಪ್ಪಿದ್ದೀನಿ? ಕಟಿಂಗ್ ನನ್ನ ಕೆಲಸಾನೇ, ಬ್ಲೇಡ್ ಗೆರೆ ಬಿಟ್ಟು ಹೋಗಿಲ್ಲ ಅಂತ ಖಾತ್ರಿ ಐತಿ.

ಭತ್ತದ ನಾಡು, ಸಿಂಧನೂರು

ಅಣ್ಣ ಫೋಟೋ ನೋಡಿದೆ, ಭಾರಿ ಬಂದದ. ನನಗ ಇನ್ನೂ ಫೋಮ್‌ನಾಗಾನೇ ಸರಿ ಹಾರಿಸಾಕ ಬರ್ತಿಲ್ಲ, ಆದ್ರ ಈ ಥ್ರೆಡ್ ಬಿಡಂಗಿಲ್ಲ. ಎರಡು ಮಿ.ಮೀ. ಅಂದ್ರ ದೊಡ್ಡದಾ? ತೂತು ಸ್ವಲ್ಪ ಅಗಲ ಮಾಡಿ ಅರಾಲ್ಡೈಟ್ ತುಂಬಿದ್ರ ನಡೆಯಂಗಿಲ್ಲೇನು?

ಹಳೇ ಕಂಟ್ರೋಲ್‌ಲೈನ್, ರಾಯಚೂರು

ತೂತು ದೊಡ್ಡದು ಮಾಡಬ್ಯಾಡ್ರಿ. ತಮ್ಮಾ ಸಿಂಧನೂರು, ನೀ ಕೇಳಿದ್ದು ತಪ್ಪಲ್ಲ, ಆದ್ರ ಆ ಪೈಪೇ ರೆಕ್ಕೆಯ ಜೀವ, ಪಲ್ಟಿ ಹೊಡಿಯೋವಾಗ ಪೂರಾ ಭಾರ ಅದರ ಮ್ಯಾಲ ಬೀಳ್ತದ. ಅಲ್ಲದೆ ಹಿಂದಿನ ತೂತು ಸರಿದ್ರ ರೆಕ್ಕೆ ಕೂಡೋ ಕೋನ ಸರೀತದ. ಎಡಕ್ಕೊಂದು ಕೋನ ಬಲಕ್ಕೊಂದು ಕೋನ ಆಯ್ತಂದ್ರ ಅದು ಹಾರಂಗಿಲ್ಲ, ತಿರುಗ್ತದ.

ಬಳ್ಳಾರಿಯವರೇ, ಒಂದು ಕೆಲಸ ಮಾಡ್ರಿ. ನಕ್ಷೆ ಎಷ್ಟು ಹಾಳಿಯಾಗ ಪ್ರಿಂಟ್ ಆಗ್ಯದ, ಎಲ್ಲಾ ಒಂದೇ ಅಂಗಡಿಯಾಗ ಮಾಡಿಸೀರೇನು? ಪ್ರತಿ ಹಾಳಿ ಮೂಲಿಯಾಗ ಒಂದು ಸ್ಕೇಲ್ ಗೆರಿ ಇರ್ತದ. ಅದನ್ನ ಸ್ಟೀಲ್ ಪಟ್ಟಿ ಇಟ್ಟು ಅಳೀರಿ. ಬಟ್ಟಿ ಟೇಪ್ ಬ್ಯಾಡ, ಅದು ಹಿಗ್ಗಿರ್ತದ.

ನಾನು ಎನ್‌ಸಿಸಿ ಏರ್‌ವಿಂಗ್‌ನಾಗ ದಾರ ಕಟ್ಟಿ ಸುತ್ತು ಹೊಡಿಸೋ ಕಂಟ್ರೋಲ್‌ಲೈನ್ ವಿಮಾನದಿಂದ ಶುರು ಮಾಡಿದಾಂವ. ಆಗ ನಕ್ಷೆ ಬ್ಲೂಪ್ರಿಂಟ್ ಬರ್ತಿತ್ತು, ಕಾಗದ ತೇವ ಹಿಡಿದು ಹಿಗ್ತಿತ್ತು, ಅಳೀದೆ ಕತ್ತರಿ ಹಿಡೀಬಾರ್ದು ಅಂತ ನಮ್ಮ ಮಾಸ್ತರು ಕೈ ಮ್ಯಾಲ ಹೊಡೆದು ಕಲಿಸಿದ್ದು.

ಗುಡ್ಡದ ಕೆಳಗಿನವ, ಬಳ್ಳಾರಿ

ಸರ್ ನಿಮ್ಮ ಕಾಲಿಗೆ ನಮಸ್ಕಾರ. ಸಿಕ್ತು.

ರೆಕ್ಕೆ ಹಾಳಿ ಹುಬ್ಬಳ್ಳಿಗೆ ಹೋದಾಗ ಮಾಡಿಸಿದ್ದೆ, ಅದರ 100 ಮಿ.ಮೀ. ಗೆರಿ ಸರಿಯಾಗಿ 100 ಐತಿ. ಬಾಡಿ ಹಾಳಿ ಇಲ್ಲೇ ಒಂದು ಜೆರಾಕ್ಸ್ ಅಂಗಡಿಯಾಗ ಮಾಡಿಸಿದ್ದೆ, ಅದು ಅಳದ್ರ 97. ಹುಡುಗ ಹಾಳಿಗೆ ಕೂಡ್ಲಿ ಅಂತ ಫಿಟ್ ಟು ಪೇಜ್ ಒತ್ತ್ಯಾನ, ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ನೂರಕ್ಕ ಮೂರು ಅಂದ್ರ ಕಣ್ಣಿಗೆ ಕಾಣೋದಿಲ್ಲ. ಆದ್ರ 1162 ಮಿ.ಮೀ. ಬಾಡಿ 1127 ಆಗೈತಿ, 35 ಮಿ.ಮೀ. ಮಾಯ. ನಮ್ಮ ಭಾಷೆಯಾಗ ಹೇಳ್ಬೇಕಂದ್ರ 32 ಸೊಂಟದ ಪ್ಯಾಂಟು 31 ಆದಂಗ. ಯೂನಿಟ್‌ನಾಗ ಇಂಥಾದ್ದು ಆಗಿದ್ರ ಒಂದು ಲಾಟ್ ಪೂರ್ತಿ ವಾಪಸ್ ಬರ್ತಿತ್ತು.

ಈಗ ಏನ್ ಮಾಡ್ಲಿ? ಕ್ಯಾಬಿನ್ ಭಾಗ ಅಷ್ಟೇ ಕತ್ತರಿಸಿ ಹೊಸದು ಕೂಡಿಸ್ಲಾ, ಪೂರ್ತಿ ಬಾಡಿ ಬಿಟ್ಟು ಹೊಸದಾಗಿ ಹಾಕ್ಲಾ?

ಬಾಲ್ಸಾ ಧೂಳು, ಬೆಂಗಳೂರು (ಊರು ಸಿರುಗುಪ್ಪ)

ಅಣ್ಣ ಒಂದೇ ಮಾತು, ನೀವು ಜೀನ್ಸ್ ಯೂನಿಟ್‌ನಲ್ಲಿ ಇದ್ದೀರಿ, ನಿಮ್ಮಲ್ಲಿ ಮಾರ್ಕರ್ ಹಾಕೋ ಪ್ಲಾಟರ್ ಇರ್ಬೇಕಲ್ಲ? ಪ್ಯಾಟರ್ನ್‌ಗಳನ್ನ ಅಗಲ ಕಾಗದದ ರೋಲ್ ಮೇಲೆ ಒಂದಕ್ಕೊಂದು ಅಳತೆಯಲ್ಲಿ ಗೆರೆ ಎಳೆಯೋದು? ಅದರಲ್ಲಿ ಹಾಕಿಸಿ, ಇಡೀ ನಕ್ಷೆ ಒಂದೇ ಕಾಗದದಲ್ಲಿ ಬರುತ್ತೆ. ನಾವು ಇಲ್ಲಿ ಎ4 ಹಾಳೆ 40-50 ಅಂಟಿಸಿಕೊಂಡು ಕೂತ್ಕೋತೀವಿ, ಅಂಟಿಸುವಾಗ್ಲೇ ಎರಡು ಮಿ.ಮೀ. ತಪ್ಪಿರುತ್ತೆ.

ಗುಡ್ಡದ ಕೆಳಗಿನವ, ಬಳ್ಳಾರಿ

ದಿನಾ ಆ ಮಿಷನ್ ಪಕ್ಕದಾಗ ನಿಂತು ಊಟ ಮಾಡ್ತೀನಿ, ನನಗ ಹೊಳೀಲಿಲ್ಲ ನೋಡ್ರಿ! ಓನರ್‌ನ ಕೇಳಿದೆ, ವಿಮಾನ ಅಂದ ಕೂಡ್ಲೇ ಅವರೂ ಬಂದು ನಿಂತ್ರು. ಫೈಲ್ ಬದಲಿಸಿ ಕೊಡಾಕ ನಮ್ಮ ಪ್ಯಾಟರ್ನ್ ಮಾಡೋ ಹುಡುಗಿ ಅರ್ಧ ಗಂಟೆ ಕುಂತಳು. 100 ಮಿ.ಮೀ. ಗೆರಿ 100, ಅಡ್ಡಕ್ಕೂ 100 ಉದ್ದಕ್ಕೂ 100. ಎರಡೂ ದಿಕ್ಕು ಅಳೀಬೇಕು ಅಂತ ಅವಳೇ ಹೇಳಿದ್ದು, ಪೇಪರ್ ಎಳೆಯೋ ರೋಲರ್ ಜಾರಿದ್ರ ಒಂದೇ ದಿಕ್ಕು ತಪ್ಪತೈತಂತ.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಬಂಗಾರದಂಥ ಮಾತು ಹೇಳ್ಯಾಳ ಆ ಹುಡುಗಿ.

ಬಾಡಿ ವಿಷಯಕ್ಕ ಬರೋಣ. ಹೊಸದಾಗಿ ಹಾಕೋ ಮೊದಲು ಹಳೇ ಬಾಡಿಯ ಹಿಂಭಾಗ ತೂಗ್ರಿ. ಸ್ಟೆಬಿಲೈಸರ್, ಫಿನ್, ರಡ್ಡರ್, ಬಾಲದ ಗಾಲಿ ಎಲ್ಲಾ ಸೇರಿಸಿ ಎಷ್ಟು ಗ್ರಾಂ ಅಂತ ಇಲ್ಲಿ ಹಾಕ್ರಿ.

ಗುಡ್ಡದ ಕೆಳಗಿನವ, ಬಳ್ಳಾರಿ

148 ಗ್ರಾಂ ಸರ್. ಬಂಗಾರದ ಅಂಗಡಿಯ ಗೆಳೆಯನ ತಕ್ಕಡಿಯಾಗ ತೂಗಿದ್ದು.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಹಂಗಾದ್ರ ಬಾಡಿ ಹೊಸದು ಹಾಕ್ರಿ, ಬಾಲನೂ ಹೊಸದು ಮಾಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕಾರಣ ಹೇಳ್ತೀನಿ.

ನಿಮ್ಮ ವಿಮಾನದ ತೂಕದ ಕೇಂದ್ರದಿಂದ ಬಾಲ ಸುಮಾರು 70 ಸೆಂ.ಮೀ. ಹಿಂದ ಅದ. ಬ್ಯಾಟರಿ ಕೂಡ್ಸೋ ಜಾಗ ಕೇಂದ್ರದಿಂದ 25 ಸೆಂ.ಮೀ. ಮುಂದ. ಅಂದ್ರ ಬಾಲದಾಗ 1 ಗ್ರಾಂ ಹೆಚ್ಚಾದ್ರ ಮೂಗಿನಾಗ 2.8 ಗ್ರಾಂ ಇಡಬೇಕು. ತೊಲಿ ತಕ್ಕಡಿ ಇದ್ದಂಗ, ಬ್ಯಾರೆ ಏನಿಲ್ಲ. 148ನ್ನ 90ರ ಆಸುಪಾಸಿಗೆ ತಂದ್ರ ಮೂಗಿನಾಗ 160 ಗ್ರಾಂ ಸೀಸ ಉಳೀತದ. ಬಾಲದಾಗಿನ 58, ಮೂಗಿನ 160, ಎರಡೂ ಸೇರಿ 200 ಗ್ರಾಂ ಮ್ಯಾಲ ಹಗುರ. ಸೀಸ ಹೊತ್ತು ಹಾರೋ ವಿಮಾನ ಜೋರಾಗಿ ಇಳೀತದ, ಜೋರಾಗಿ ಇಳಿದದ್ದು ಕಾಲು ಮುರ್ಕೋತದ.

ಬಾಲ್ಸಾ ಆರಿಸೋದ್ರಾಗೇ ಅರ್ಧ ಗೆಲುವು ಅದ. 36 ಇಂಚು ಉದ್ದ, 4 ಇಂಚು ಅಗಲ, 16ರಲ್ಲಿ 1 ಇಂಚು ದಪ್ಪದ ಹಾಳಿ ಹಗುರದ್ದಾದ್ರ 18 ಗ್ರಾಂ ಬರ್ತದ, ಗಟ್ಟಿಯದ್ದು 30 ಗ್ರಾಂ ತೂಗ್ತದ. ಕಣ್ಣಿಗೆ ಎರಡೂ ಒಂದೇ. ಬೆಂಗಳೂರಿಂದ ಪಾರ್ಸೆಲ್ ಬಂದ ಕೂಡ್ಲೇ ಒಂದೊಂದೇ ತೂಗಿ ಪೆನ್ಸಿಲ್‌ನಾಗ ಗ್ರಾಂ ಬರೀರಿ. ಹಗುರ ಎಲ್ಲಾ ಬಾಲಕ್ಕ, ಗಟ್ಟಿಯದ್ದು ರೆಕ್ಕೆ ಉದ್ದಕ್ಕ ಹೋಗೋ ತೊಲಿಗೆ, ಅಂದ್ರ ಸ್ಪಾರ್‌ಗೆ, ಮತ್ತ ಮೂಗಿನ ಕಡೆ. ಫೆವಿಕಾಲ್ ಧಾರಾಳ ಸುರೀಬ್ಯಾಡ್ರಿ, ಬಟ್ಟಿ ಪಿನ್ ತುದಿಯಾಗ ಬಂದಷ್ಟು ಸಾಕು.

ಕಿನ್ನಾಳ ದಾರಿ, ಕೊಪ್ಪಳ

ನಮಸ್ಕಾರ. ನಾ ಹಾರಿಸೋನಲ್ಲ, ನೋಡೋನು. ನಮ್ಮೂರ ಪಕ್ಕ ಕಿನ್ನಾಳದಾಗ ಗೊಂಬಿ ಮಾಡೋರು ಬಳಸೋ ಪೊಳಕಿ ಮರ ಅಂತೂ ಭಾಳ ಹಗುರ ಇರ್ತೈತಿ. ಅದನ್ನ ಬಾಲ್ಸಾ ಬದಲಿ ಹಾಕಾಕ ಬರ್ತೈತೇನ್ರಿ? ದೂರದಿಂದ ಪಾರ್ಸೆಲ್ ತರಿಸೋದು ತಪ್ಪತೈತಿ ಅಂತ ಕೇಳಿದೆ.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಪ್ರಶ್ನೆ ಚೊಲೋ ಅದ. ಪಕ್ಕೆಲುಬಿಗೆ ಒಂದೂವರೆ ಮಿ.ಮೀ. ಹಾಳಿ ಸೀಳಬೇಕಾಗ್ತದ, ಎಳಿ ನೆಟ್ಟಗಿರಬೇಕು, ಅದಕ್ಕ ಬಾಲ್ಸಾನೇ ಬೇಕು. ಆದ್ರ ಗುಂಡನ ಆಕಾರ ಕೆತ್ತೋ ಕಡೆ, ಮೂಗಿನ ಕವಚದ ಅಚ್ಚು ಮಾಡಾಕ, ಪೈಲಟ್ ಗೊಂಬಿ ಮಾಡಾಕ ಪೊಳಕಿ ಮರ ಹೇಳಿ ಮಾಡಿಸಿದ್ದು.

ಗುಡ್ಡದ ಕೆಳಗಿನವ, ಬಳ್ಳಾರಿ

ಪೈಲಟ್ ಗೊಂಬಿ! ಕೊಪ್ಪಳದ ಅಣ್ಣ, ಅಲ್ಲಿ ಯಾರಾದ್ರೂ ಮಾಡಿ ಕೊಡ್ತಾರೇನು? ಲೈಸ್ಯಾಂಡರ್ ಕ್ಯಾಬಿನ್ ಪೂರ್ತಿ ಗಾಜು, ಒಳಗ ಖಾಲಿ ಇದ್ರ ಎದ್ದು ಕಾಣ್ತೈತಿ. 8ರಲ್ಲಿ 1 ಪಾಲು ಅಂದ್ರ ಕುಂತ ಮನುಷ್ಯ ತಲಿಯಿಂದ ಸೊಂಟದ ತನಕ 11 ಸೆಂ.ಮೀ. ಇಬ್ಬರು ಬೇಕು, ಮುಂದ ಪೈಲಟ್, ಹಿಂದ ಗನ್ನರ್. ಒಬ್ಬೊಬ್ಬ 25 ಗ್ರಾಂ ಒಳಗ ಇರ್ಬೇಕು.

ಕಿನ್ನಾಳ ದಾರಿ, ಕೊಪ್ಪಳ

ಕೇಳ್ಕೊಂಡು ಬಂದೆ. ಮಾಡ್ತೀವಿ ಅಂದ್ರು. ಒಳಗ ಪೊಳ್ಳು ಕೊರೀತಾರಂತ. ಅವರ ಪದ್ಧತಿಯಾಗ ಹುಣಸಿಬೀಜದ ಅಂಟು, ಮರದ ಹೊಟ್ಟು, ಸೆಣಬಿನ ಪುಡಿ ಕೂಡಿಸಿ ಕಿಟ್ಟ ಮಾಡಿ ಹಚ್ತಾರ, ಅದು ಭಾರ ಆಗ್ತೈತಿ ಅಂತ ತೆಳ್ಳಗ ಮೂಗು ಗಲ್ಲಕ್ಕಷ್ಟೇ ಹಚ್ಚಾಕ ಹೇಳೀನಿ. ಮಾಮೂಲಿ ಗೌರಿ, ಗರುಡ ಮಾಡೋ ಕೈಗೆ ಗಾಗಲ್ಸ್ ಹಾಕಿದ ಪೈಲಟ್ ಹೊಸದು. ಟೋಪಿ ಫೋಟೋ ಕಳಿಸ್ರಿ ಅಂದ್ರು.

ಬಾಲ್ಸಾ ಧೂಳು, ಬೆಂಗಳೂರು (ಊರು ಸಿರುಗುಪ್ಪ)

ಟೋಪಿ ಫೋಟೋ ಕಳಿಸ್ತೀನಿ. ಅದಕ್ಕೂ ಮೊದಲು ಕೇಳ್ತೀನಿ, ಅಣ್ಣ ಬಣ್ಣ ಯಾವ ದೇಶದ್ದು ಹಾಕ್ತೀರಿ? ದಯವಿಟ್ಟು ನಮ್ಮ ವಾಯುಪಡೆಯ ನಂ. 1 ಸ್ಕ್ವಾಡ್ರನ್ನಿಂದೇ ಹಾಕಿ.

1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನ ಇಟ್ಕೊಂಡು ಶುರುವಾದ ಸ್ಕ್ವಾಡ್ರನ್ ಅದು. 1941ರಲ್ಲಿ ಲೈಸ್ಯಾಂಡರ್ ಬಂತು. 1942ರ ಫೆಬ್ರವರಿಯಲ್ಲಿ ಕೆ.ಕೆ. ಮಜುಂದಾರ್ ನಾಯಕತ್ವದಲ್ಲಿ ಬರ್ಮಾದ ಟೌಂಗೂಗೆ ಹೋದ್ರು. ಲೈಸ್ಯಾಂಡರ್ ಇದ್ದದ್ದು ಸೈನ್ಯಕ್ಕೆ ಶತ್ರು ಎಲ್ಲಿದ್ದಾನೆ ಅಂತ ನೋಡಿ ಹೇಳೋಕೆ, ಬಾಂಬರ್ ಅಲ್ಲವೇ ಅಲ್ಲ. ಆದ್ರೂ 250 ಪೌಂಡಿನ ಎರಡು ಬಾಂಬ್ ತಗಲಿಸಿಕೊಂಡು ಮಜುಂದಾರ್ ಥೈಲ್ಯಾಂಡ್ ಗಡಿ ದಾಟಿ ಜಪಾನಿಯರ ವಿಮಾನನೆಲೆ ಮೇಲೆ ಹಾಕಿ ಬಂದ್ರು. 250 ಪೌಂಡ್ ಅಂದ್ರೆ 113 ಕೆ.ಜಿ., ಒಂದು ಬಾಂಬು ಒಂದು ಕ್ವಿಂಟಲ್ ಭತ್ತದ ಚೀಲಕ್ಕಿಂತ ಭಾರ. ಅದನ್ನ ನಿಧಾನ ಹೋಗೋ ವಿಮಾನಕ್ಕೆ ಕಟ್ಕೊಂಡು ಕಾಡಿನ ಮೇಲೆ ಹೋಗಿದ್ದಾರೆ. ಅವರು 1945ರ ಫೆಬ್ರವರಿಯಲ್ಲಿ ಲಾಹೋರ್‌ನಲ್ಲಿ ಹರಿಕೇನ್ ಹಾರಾಟ ಪ್ರದರ್ಶನದಲ್ಲಿ ಬಿದ್ದು ತೀರಿಕೊಂಡ್ರು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಸ್ಪಿಟ್‌ಫೈರ್ ಗೊತ್ತು, ಇದು ಗೊತ್ತಿಲ್ಲ. ಅದಕ್ಕೇ ನೀವು ಲೈಸ್ಯಾಂಡರ್ ಹಿಡಿದದ್ದು ನನಗೆ ತುಂಬಾ ಖುಷಿ.

ಇನ್ನೊಂದು. ಇದರ ವಿನ್ಯಾಸ ಮಾಡಿದ ಟೆಡ್ಡಿ ಪೆಟರ್ ಅನ್ನೋರೇ ಮುಂದೆ ಕ್ಯಾನ್‌ಬೆರಾ ಬಾಂಬರ್ ಮಾಡಿದ್ರು, ಆಮೇಲೆ ನ್ಯಾಟ್ ಫೈಟರ್ ಮಾಡಿದ್ರು. ನ್ಯಾಟನ್ನ ಬೆಂಗಳೂರಿನ ಎಚ್‌ಎಎಲ್ ಕಟ್ತು. ಮೂರೂ ನಮ್ಮ ವಾಯುಪಡೆಯಲ್ಲಿ ಹಾರಿವೆ.

ಬಣ್ಣದ ವಿಷಯದಲ್ಲಿ ಎಚ್ಚರ. ನೀಲಿ ಮೇಲೆ ತಿಳಿನೀಲಿ ಚುಕ್ಕೆ ಇರೋ ದುಂಡನೆಯ ವಾಯುಪಡೆ ಗುರುತು ಹಾಕ್ಬೇಡಿ. ಜಪಾನಿಯರ ಕೆಂಪು ಸೂರ್ಯನ ಜೊತೆ ಗೊಂದಲ ಆಗಬಾರದು ಅಂತ ಕೆಂಪು ತೆಗೆದದ್ದು ಆಮೇಲೆ. 1942ರ ಫೆಬ್ರವರಿಗೆ ಮಧ್ಯದಲ್ಲಿ ಕೆಂಪು ಇರೋದೇ ಸರಿ. ಮೇಲ್ಗಡೆ ಕಡುಹಸಿರು, ಮಣ್ಣುಕಂದು ಪಟ್ಟೆ. ದಿಲ್ಲಿ ಪಾಲಂ ಮ್ಯೂಸಿಯಮ್ಮಿನಲ್ಲಿ ಒಂದು ಲೈಸ್ಯಾಂಡರ್ ನಿಂತಿದೆ, ಯಾರಾದ್ರೂ ಆ ಕಡೆ ಹೋದ್ರೆ ಕಾಲಿನ ಹತ್ತಿರದ ಫೋಟೋ ತಂದುಕೊಡಿ.

ಗುಡ್ಡದ ಕೆಳಗಿನವ, ಬಳ್ಳಾರಿ

ಇದನ್ನ ಓದಿ ನಮ್ಮ ಮನಿಯಾಗ ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳಿದೆ. ನಂ. 1 ಸ್ಕ್ವಾಡ್ರನ್ನೇ, ತೀರ್ಮಾನ ಆಯ್ತು. ಬಾಂಬ್ ತಗಲಿಸೋ ಆ ಮೋಟು ರೆಕ್ಕೆನೂ ಕಾಲಿಗೆ ಹಾಕ್ತೀನಿ.

ಎರಡು ತಿಂಗಳಾದ ಮ್ಯಾಲ ಬರೀತಿದ್ದೀನಿ. ಬಾಡಿ ಹೊಸದಾಯ್ತು, ಪೈಪ್ ಎರಡೂ ತೂತಿನಾಗ ಬೆರಳಿಂದ ಒತ್ತಿದ್ರ ಹೋಗಿ ಕುಂತ್ಕೊಂತು, ಆ ಸದ್ದು ಕೇಳಿ ಜೀವ ತಣ್ಣಗಾಯ್ತು. ಬಾಲ 91 ಗ್ರಾಂ. ಈ ವಿಮಾನದ ರೆಕ್ಕೆ ಕಟ್ಟೋರಿಗೆ ಹೇಳ್ತೀನಿ, ಒಂದು ಪಕ್ಕೆಲುಬು ಇನ್ನೊಂದರಂಗ ಇಲ್ಲ. ಬುಡದಾಗ ಸಣ್ಣದು, ಅಡ್ಡಗಂಬಿ ಬಂದು ಕೂಡೋ ಕಡೆ ಅಗಲ, ಮತ್ತ ತುದಿಗೆ ಸಣ್ಣದು. ದಪ್ಪನೂ ಹಂಗೇ ಏರಿ ಇಳೀತೈತಿ. ಬ್ಯಾರೆ ವಿಮಾನದಾಗ ಎರಡು ಪ್ಲೈವುಡ್ ಅಚ್ಚಿನ ನಡುವ ಬಾಲ್ಸಾ ಒತ್ತಿ ಒಮ್ಮೆಗೇ ಎಲ್ಲ ಉಜ್ಜಬಹುದು, ಇಲ್ಲಿ ಹಂಗ ಮಾಡಾಕ ಹೋದ್ರ ಉಬ್ಬೋ ಜಾಗ ಚಪ್ಪಟೆ ಆಗ್ತೈತಿ. ಒಂದೊಂದೇ ಕತ್ತರಿಸಿದೆ. ಹೊದಿಕೆ ಹಾಕೋ ಮೊದಲು ರೆಕ್ಕೆ ತುದಿ ಹಿಂದಿನ ಅಂಚು 2 ಡಿಗ್ರಿ ಮ್ಯಾಲ ಎತ್ತಿ ಪಿನ್ ಹೊಡೆದು ಒಣಗಿಸೀನಿ, ನಿಧಾನಕ್ಕ ಬಂದಾಗ ತುದಿ ಮೊದಲು ಕುಸೀಬಾರ್ದು ಅಂತ. ನಿಜವಾದದ್ದಕ್ಕ ರೆಕ್ಕೆ ಮುಂದ ತಾನೇ ತೆರೆಯೋ ಸ್ಲ್ಯಾಟ್ ಅನ್ನೋ ಪಟ್ಟಿ ಇದ್ವು, ಅದರಿಂದಾನೇ ಅಷ್ಟು ನಿಧಾನ ಹಾರ್ತಿತ್ತು, ನನಗ ಅದು ಕೈಲಾಗಲಿಲ್ಲ, ಗೆರಿ ಮಾತ್ರ ಎಳೆದೀನಿ.

ಮೂಗಿನ ಕವಚ ಗೇಣಿಗಿಂತ ಸ್ವಲ್ಪ ಕಮ್ಮಿ ಅಗಲ. ಒಳಗ ನಿಜವಾದದ್ದರಂಗ ಕಾಣೋ ತೋರಿಕಿ ಇಂಜಿನ್, 9 ಸಿಲಿಂಡರ್. 16 ಮಿ.ಮೀ. ಕಾಗದದ ಕೊಳವಿ ಮಾಡಿ ಅದರ ಮ್ಯಾಲ ನಮ್ಮ ಯೂನಿಟ್‌ನ ದಪ್ಪ ಜೀನ್ಸ್ ದಾರ ಒತ್ತೊತ್ತಾಗಿ ಸುತ್ತಿ, ತೆಳು ಅಂಟು ಬಳಿದು, ಕಪ್ಪು ಬಣ್ಣ ಕೊಟ್ಟು, ಒಣಗಿದ ಮ್ಯಾಲ ಬೆಳ್ಳಿ ಬಣ್ಣದ ಒಣ ಬ್ರಷ್ ಎಳೆದೆ. ಒಂದೊಂದು ಎಳಿನೂ ತಣ್ಣಗಾಗಿಸೋ ರೆಕ್ಕಿ ತರ ಮಿಂಚ್ತೈತಿ. ಒಂಬತ್ತಕ್ಕೂ ಸೇರಿ 34 ಗ್ರಾಂ.

ಕೇಳಬೇಕಾದ್ದು ಇದು. ತೂಕದ ಕೇಂದ್ರ ರೆಕ್ಕೆ ಬುಡದ ಅಗಲದ ನಾಲ್ಕರಲ್ಲಿ ಒಂದು ಭಾಗಕ್ಕ ಇಟ್ರ ಸಾಕಾ? ನಕ್ಷೆಯಾಗ ಆ ಗುರ್ತು ಮಸುಕಾಗೈತಿ.

ಬಾಲ್ಸಾ ಧೂಳು, ಬೆಂಗಳೂರು (ಊರು ಸಿರುಗುಪ್ಪ)

ಬುಡದಿಂದ ಅಳೀಬೇಡಿ! ಈ ರೆಕ್ಕೆಗೆ ಬುಡವೇ ಚಿಕ್ಕದು, ಸರಾಸರಿ ಅಲ್ಲ. ಅರ್ಧ ರೆಕ್ಕೆ ಆಕಾರವನ್ನ ರಟ್ಟಿನಲ್ಲಿ ಕತ್ತರಿಸಿ, ಪೆನ್ಸಿಲ್ ತುದಿ ಮೇಲೆ ಸಮತೋಲನ ಆಗೋ ಬಿಂದು ಹುಡುಕಿ. ಆ ಬಿಂದು ಹಾದುಹೋಗೋ ಕಡೆ ರೆಕ್ಕೆ ಅಗಲ ಎಷ್ಟಿದೆ ಅಳೆದು, ಮುಂದಿನ ಅಂಚಿನಿಂದ ನೂರಕ್ಕೆ 25 ಭಾಗದಲ್ಲಿ ಗುರುತು ಹಾಕಿ. ಮೊದಲ ಹಾರಾಟಕ್ಕೆ ಅದಕ್ಕಿಂತ ಹಿಂದೆ ಹೋಗಬೇಡಿ.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಸರಿ ಹೇಳ್ಯಾರ. ತೂಕ ಎಷ್ಟಾಯ್ತು, ಮೋಟಾರ್ ಯಾವುದು?

ಗುಡ್ಡದ ಕೆಳಗಿನವ, ಬಳ್ಳಾರಿ

ಬ್ಯಾಟರಿ ಸೇರಿ 2.7 ಕೆ.ಜಿ. ಮೋಟಾರ್ 500 ಕೆವಿ, ಅಂದ್ರ ಒಂದು ವೋಲ್ಟಿಗೆ ನಿಮಿಷಕ್ಕ 500 ಸುತ್ತು, 4 ಸೆಲ್ 5000 ಎಂಎಎಚ್ ಬ್ಯಾಟರಿ, 15ಕ್ಕೆ 8 ಇಂಚಿನ ಪ್ರೊಪೆಲ್ಲರ್. ಪೂರ್ತಿ ಕೊಟ್ಟಾಗ ಮೀಟರ್ 690 ವಾಟ್ ತೋರಿಸ್ತು.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಕೆ.ಜಿ.ಗೆ 250 ವಾಟ್ ಬಿತ್ತು, ಇಂಥಾ ವಿಮಾನಕ್ಕ ಬೇಕಾದಷ್ಟು. ಕವಚದೊಳಗ ಗಾಳಿ ಬರೋ ತೂತಿಗಿಂತ ಹೊರಗ ಹೋಗೋ ತೂತು ದೊಡ್ಡದಿರಲಿ, ನಮ್ಮ ಬಿಸಿಲಿಗೆ ಸ್ಪೀಡ್ ಕಂಟ್ರೋಲರ್ ಸುಟ್ಟು ಹೋಗ್ತದ. ಬ್ಯಾಟರಿ ಕಾರಿನಾಗ ಬಿಡಬ್ಯಾಡ್ರಿ. ಹಾರಿಸದಿದ್ದಾಗ ಸೆಲ್ಲಿಗೆ 3.8 ವೋಲ್ಟ್ ಇಟ್ಟು ತಂಪು ಜಾಗದಾಗ ಇಡ್ರಿ.

ಜಾಗದ ವಿಷಯ. 2021ರ ಡ್ರೋನ್ ನಿಯಮದಾಗ ಹವ್ಯಾಸಕ್ಕ ಕಣ್ಣೆದುರಿಗೇ ಹಾರಿಸೋ 25 ಕೆ.ಜಿ. ತನಕದ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್, ಅಂದ್ರ ವಿನ್ಯಾಸಕ್ಕ ಸರ್ಕಾರದ ಒಪ್ಪಿಗಿ ಪತ್ರ, ಬೇಕಿಲ್ಲ. ಆದ್ರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಾಗ ನಿಮ್ಮ ಹೊಲ ಯಾವ ಬಣ್ಣದ ವಲಯದಾಗ ಅದ ನೋಡ್ಕೊಂಡೇ ಹೋಗ್ರಿ. ನಿಮ್ಮ ಕಡೆ ತೋರಣಗಲ್ಲಿನ ವಿಮಾನ ನಿಲ್ದಾಣ ಅದ, ನಮ್ಮ ಕಡೆ ಶಕ್ತಿನಗರದ ಥರ್ಮಲ್ ಅದ. ಅಂಥಾ ಕಡೆ ಹತ್ರ ಸುಳೀಬ್ಯಾಡ್ರಿ.

ಗುಡ್ಡದ ಕೆಳಗಿನವ, ಬಳ್ಳಾರಿ

ಮೊದಲ ಹಾರಾಟ ಆಯ್ತು. ಇದ್ದದ್ದು ಇದ್ದಂಗ ಬರೀತೀನಿ.

ಡಿಸೆಂಬರ್, ಬೆಳಿಗ್ಗೆ ಆರೂವರಿ, ಗಾಳಿ ಇಲ್ಲ. ಸಿರುಗುಪ್ಪ ರಸ್ತೆ ಕಡೆ ಗೆಳೆಯರ ಹತ್ತಿ ಬಿಡಿಸಿದ ಹೊಲದ ಪಕ್ಕ ಬೀಡು ಜಾಗ, ಹಿಂದಿನ ದಿನ ಟ್ರ್ಯಾಕ್ಟರ್ ಕಟ್ಟಿ ಹಲಗಿ ಎಳೆಸಿದ್ವಿ. ಚಕ್ರ ಮುಚ್ಚೋ ಕವಚ, ಸ್ಪ್ಯಾಟ್ ಅಂತಾರಲ್ಲ, ಅದರ ಕೆಳಗಿನ ಅರ್ಧ ಕಳಚಿಟ್ಟೆ, ಇಬ್ಬನಿಗೆ ಎರಿಮಣ್ಣು ಮೆತ್ತಿದ್ರ ಚಕ್ರ ತಿರುಗಂಗಿಲ್ಲ. ಥ್ರಾಟಲ್ ನಿಧಾನಕ್ಕ ಕೊಟ್ಟೆ, ಮೂಗು ಎಡಕ್ಕ ಎಳೀತು, ಬಲ ರಡ್ಡರ್ ಹಿಡಿದೆ, ಇಪ್ಪತ್ತು ಹೆಜ್ಜೀಗೆ ಎದ್ದುಬಿಡ್ತು! ಬಿಸಿಲು ಆಗ ತಾನೇ ಬೀಳ್ತಿತ್ತು, ಪಾರದರ್ಶಕ ಕ್ಯಾಬಿನ್‌ನಾಗ ಕಿನ್ನಾಳದ ಇಬ್ಬರೂ ಕುಂತದ್ದು ಕೆಳಗಿನಿಂದ ಕಾಣ್ತು. ನನ್ನ ಕೈ ನಡಗ್ತಿತ್ತು ಆದ್ರ ವಿಮಾನ ನಡಗಲಿಲ್ಲ. ಆರು ಸುತ್ತು ಹೊಡೆದೆ.

ಇಳಿಸಾಕ ಬಂದಾಗ ರೆಕ್ಕೆ ಹಿಂದಿನ ಪಟ್ಟಿ, ಅಂದ್ರ ಫ್ಲ್ಯಾಪ್, ಪೂರ್ತಿ ಇಳಿಸಿದ್ದೆ, ಚೊಲೋ ನಿಧಾನ ಆಯ್ತು. ಅಷ್ಟೊತ್ತಿಗೆ ಒಂದು ನಾಯಿ ಅಡ್ಡ ಬಂತು. ಮತ್ತೊಂದು ಸುತ್ತು ಹೋಗೋಣ ಅಂತ ಥ್ರಾಟಲ್ ಪೂರ್ತಿ ಕೊಟ್ಟೆ. ಮೂಗು ಆಕಾಶಕ್ಕ ನಿಂತ್ಕೊಂತು. ಕಡ್ಡಿ ಮುಂದಕ್ಕ ಒತ್ತೋದ್ರಾಗ ಎಡರೆಕ್ಕಿ ಕುಸೀತು, ಹತ್ತು ಹನ್ನೆರಡು ಅಡಿಯಿಂದ ಮಗ್ಗುಲಾಗಿ ಬಿತ್ತು. ಎಡಗಾಲು ಕಿತ್ತು ಬಂದೈತಿ, ಅಡ್ಡಗಂಬಿ ಮುರಿದೈತಿ, ಕವಚ ಒಡದೈತಿ. ರೆಕ್ಕೆ ಪೈಪ್ ಬಾಗಿಲ್ಲ. ಗೊಂಬಿಗೊಳಿಗೆ ಏನೂ ಆಗಿಲ್ಲ. ನಾಯಿಗೂ ಏನೂ ಆಗಿಲ್ಲ.

ಯಾಕ ಹಿಂಗಾಯ್ತು?

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಮನಸ್ಸು ಸಣ್ಣದು ಮಾಡ್ಕೋಬ್ಯಾಡ್ರಿ. ಆರು ಸುತ್ತು ಹಾರ್ಯದ ಅಂದ್ರ ಕಟ್ಟಿದ್ದು ಸರಿ ಅದ.

ನಿಮಗ ಆದದ್ದು ನಿಜವಾದ ಲೈಸ್ಯಾಂಡರಿನ ಹುಟ್ಟುಗುಣ. ಅದರ ಪೈಲಟ್‌ಗಳು ಇಳಿಯಾಕ ಬರೋವಾಗ ಬಾಲದ ಟ್ರಿಮ್ ಚಕ್ರ ತಿರುಗಿಸಿ ಮೂಗು ಎತ್ತಿಟ್ಟಿರ್ತಿದ್ರು. ಆ ಸ್ಥಿತಿಯಾಗ ಒಮ್ಮೆಲೇ ಇಂಜಿನ್ ಪೂರ್ತಿ ಕೊಟ್ರ ಕಡ್ಡಿ ಒತ್ತಿ ಹಿಡಿಯಾಕ ಆಗದಷ್ಟು ಮೂಗು ಏಳ್ತಿತ್ತು, ಮೊದಲು ಟ್ರಿಮ್ ಮುಂದಕ್ಕ ತಿರುಗಿಸಿ ಆಮ್ಯಾಲ ಇಂಜಿನ್ ಏರಿಸಬೇಕಿತ್ತು. ಇದರಿಂದ ಜೀವ ಹೋದವರು ಇದ್ದಾರ. ನಿಮ್ಮದರಾಗೂ ಅದೇ, ಮ್ಯಾಲಿನ ರೆಕ್ಕಿ, ಫ್ಲ್ಯಾಪ್ ಇಳಿದದ, ಕಡಿಮಿ ವೇಗ, ಅದರ ಮ್ಯಾಲ ಪೂರಾ ಪವರ್.

ಒಂದು ನೋಡ್ರಿ. ಮೋಟಾರ್ ಕೂಡ್ಸಿದ ಗ್ವಾಡಿ ಕೆಳಮುಖ ಎಷ್ಟು ಡಿಗ್ರಿ ಅದ? ಗ್ಲೋ ಇಂಜಿನ್ನಿನ ನಕ್ಷೆಯಾಗ ಆ ಕೋನ ಇಂಜಿನ್ ಮೌಂಟ್‌ನಾಗ ಇರ್ತದ, ಗ್ವಾಡಿಯಾಗ ಇರಂಗಿಲ್ಲ. ನೀವು ಮೌಂಟ್ ಬದಲಿಸೀರಿ, ಕೋನ ಹೋಗಿರ್ತದ.

ಗುಡ್ಡದ ಕೆಳಗಿನವ, ಬಳ್ಳಾರಿ

ಸೊನ್ನಿ ಡಿಗ್ರಿ. ನಕ್ಷೆ ಮೂಲಿಯಾಗ ಸಣ್ಣ ಅಕ್ಷರದಾಗ ಮೌಂಟ್ ಕೆಳಗ 3 ಡಿಗ್ರಿ ಅಂತ ಬರದೈತಿ. ಅಳತಿ ನೋಡಿದ್ದೆ, ಬರಹ ಓದಿರಲಿಲ್ಲ.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಸಿಕ್ಕಿತಲ್ಲ. ಮ್ಯಾಲಿನ ಎರಡು ಬೋಲ್ಟಿಗೆ ವಾಷರ್ ಹಾಕಿ ಮೂಗು ಕೆಳಗ ಮಾಡ್ರಿ. ರೇಡಿಯೋದಾಗ ಫ್ಲ್ಯಾಪ್ ಇಳಿದಾಗ ಬಾಲದ ಎಲಿವೇಟರ್ ತಾನೇ ತುಸು ಕೆಳಗ ಬರೋ ಹಂಗ ಮಿಕ್ಸ್ ಹಾಕ್ರಿ. ಇಳಿಸೋವಾಗ ಫ್ಲ್ಯಾಪ್ ಅರ್ಧ ಸಾಕು. ವಾಪಸ್ ಏರಬೇಕಂದ್ರ ಥ್ರಾಟಲ್ ಎಣಿಸಿದಂಗ, ಒಂದು ಎರಡು ಮೂರು ಅಂತ ಕೊಡ್ರಿ.

ಭತ್ತದ ನಾಡು, ಸಿಂಧನೂರು

ಅಣ್ಣ ಕವಚ ಮತ್ತ ಮಾಡ್ಬೇಕಾದ್ರ ನಾ ಬರ್ತೀನಿ, ಭಾನುವಾರ ರಜಾ ಅದ, ಉಜ್ಜೋ ಕೆಲಸ ಕೊಡ್ರಿ. ನೋಡಿ ಕಲೀಬೇಕು.

ಗುಡ್ಡದ ಕೆಳಗಿನವ, ಬಳ್ಳಾರಿ

ಬಾ ತಮ್ಮ, ಮನಿ ಲೊಕೇಶನ್ ಮೆಸೇಜ್ ಮಾಡ್ತೀನಿ, ಊಟ ನಮ್ಮಲ್ಲೇ. 120 ನಂಬರ್, 220 ನಂಬರ್ ಮರಳು ಕಾಗದ ದಾರಿಯಾಗ ತಗೊಂಡು ಬಾ.

ಕಿನ್ನಾಳ ದಾರಿ, ಕೊಪ್ಪಳ

ಗೊಂಬಿಗೆ ಏನೂ ಆಗಿಲ್ಲ ಅಂತ ಅವರಿಗೆ ಹೇಳಿದೆ. ಎಷ್ಟೆತ್ತರದಿಂದ ಬಿತ್ತು ಅಂತ ಎರಡು ಸಲ ಕೇಳಿದ್ರು. ಹಾರೋದನ್ನ ನೋಡಬೇಕಂತ ಅವರಿಗೆ. ಮುಂದಿನ ಸಲ ಯಾವಾಗ ಅಂತ ಎರಡು ದಿನ ಮೊದಲು ಹೇಳ್ರಿ, ಕರ್ಕೊಂಡು ಬರ್ತೀನಿ.

ಗುಡ್ಡದ ಕೆಳಗಿನವ, ಬಳ್ಳಾರಿ

ಸಂಕ್ರಾಂತಿ ಆದ ಮರುದಿನ ಬೆಳಿಗ್ಗೆ, ಆರು ಗಂಟೆಗೆ, ಅದೇ ಜಾಗ. ಮೂಗು 3 ಡಿಗ್ರಿ ಕೆಳಗ ಆಗೈತಿ, ಸಿಂಧನೂರು ತಮ್ಮ ಉಜ್ಜಿದ ಕವಚ ನನ್ನ ಮೊದಲಿನದ್ದಕ್ಕಿಂತ 11 ಗ್ರಾಂ ಹಗುರ ಬಂದೈತಿ. ರಾಯಚೂರಿನ ಸರ್, ನೀವೂ ಬರ್ಬೇಕು. ಬಸ್‌ಸ್ಟ್ಯಾಂಡಿಗೆ ನಾನೇ ಗಾಡಿ ತರ್ತೀನಿ.

ಹಳೇ ಕಂಟ್ರೋಲ್‌ಲೈನ್, ರಾಯಚೂರು

ಹಿಂದಿನ ದಿನ ಸಂಜಿ ಬಸ್ಸಿಗೆ ಬರ್ತೀನಿ. ರಾತ್ರಿ ಒಮ್ಮೆ ತೂಕದ ಕೇಂದ್ರ ಕೂಡಿ ನೋಡೋಣ. ಕವಚ 11 ಗ್ರಾಂ ಹಗುರ ಅಂದ್ರಲ್ಲ, ಮೂಗು ಹಗುರಾದ್ರ ಬ್ಯಾಟರಿ ಸ್ವಲ್ಪ ಮುಂದ ಸರೀಬೇಕಾಗ್ತದ.